ಗುಡ್ಡದ ಹೆಸರು ಹೊತ್ತ ಮರ

ಬೆಳಗಾವಿಯ ಮಳೆ ಒಮ್ಮೆ ಹಿಡಿದರೆ ಬಿಡುವ ಪೈಕಿಯದಲ್ಲ. ಜೂನ್‌ನಲ್ಲಿ ಶುರುವಾದ ಜಿಟಿಜಿಟಿ ಗಣಪತಿ ಹಬ್ಬ ಬಂದರೂ ಅಂಗಳ ಒಣಗಲು ಬಿಡುವುದಿಲ್ಲ. ಆ ದಿನಗಳಲ್ಲಿ ಮನೆಯಲ್ಲಿ ಯಾರಿಗಾದರೂ ಮೂಗು ಕಟ್ಟಿತೆಂದರೆ ಆಯಿ ಒಲೆಯ ಮೇಲೆ ನೀರಿಟ್ಟು, ಮಾಡದಲ್ಲಿದ್ದ ಪುಟ್ಟ ಶೀಷೆ ತೆಗೆಯುತ್ತಿದ್ದಳು. “ನೀಲಗಿರಿ ಎಣ್ಣಿ ಎರಡ ಹನಿ ಹಾಕೇನಿ, ಚಾದರ ಹೊದ್ಕೊಂಡು ಉಗಿ ತಗೋ.” ಗೋಡೆಯಾಚೆಯ ಮರಾಠಿ ಮನೆಯ ಕಾಕು ತಮ್ಮ ಮಗನಿಗೆ ಹೇಳುತ್ತಿದ್ದುದೂ ಅದನ್ನೇ, ಅವರ ಬಾಯಲ್ಲಿ ಅದು ‘ನಿಲಗಿರಿ’. ಎರಡು ಭಾಷೆಗಳ ಊರಿನಲ್ಲಿ ಒಂದೇ ಪದ, ಒಂದೇ ಘಾಟು.

ನೀಲಗಿರಿ ಎಂಬುದು ಗುಡ್ಡದ ಹೆಸರೆಂದು ಶಾಲೆಯ ನಕಾಶೆಯಲ್ಲಿ ಕಂಡ ದಿನ ಕೇಳಿದ್ದೆ: “ಆಯಿ, ಗುಡ್ಡದಾಗಿಂದ ಎಣ್ಣಿ ಹೆಂಗ ಬರ್ತದ?” “ಗುಡ್ಡದ್ದಲ್ಲೋ, ಗಿಡದ್ದು” ಎಂದಳು. “ಗಿಡಕ್ಕ ಗುಡ್ಡದ ಹೆಸರ್ಯಾಕ?” ಎಂದದ್ದಕ್ಕೆ ಅವಳಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆ ನನ್ನನ್ನು ಬಿಡಲೇ ಇಲ್ಲ.

ಪದವನ್ನು ಒಡೆದರೆ ತೊಡಕೇನಿಲ್ಲ. ನೀಲ, ಗಿರಿ. ಎರಡೂ ಸಂಸ್ಕೃತದಿಂದ ಬಂದು ಕನ್ನಡದಲ್ಲಿ ಮನೆಮಾಡಿಕೊಂಡವು. ‘ನೀಲ’ ಮಾತ್ರ ಬಲು ದೂರ ನಡೆದ ಪದ. ಹಳೆಯ ಬಳಕೆಯಲ್ಲಿ ಅದು ಬರೀ ಆಕಾಶದ ಬಣ್ಣವಲ್ಲ. ಕಪ್ಪಿಗೆ ತಿರುಗಿದ ದಟ್ಟ ಛಾಯೆಗಳಿಗೆಲ್ಲ ಸಲ್ಲುತ್ತಿತ್ತು. ನೀಲಿ ಗಿಡದಿಂದ ತೆಗೆದ ಬಣ್ಣದ ಜೊತೆ ಅದು ಪರ್ಷಿಯಾಕ್ಕೆ, ಅರಬ್ಬರಲ್ಲಿಗೆ ಹೋಯಿತು. ಅರಬ್ಬರು ತಮ್ಮ ಉಪಪದ ಸೇರಿಸಿ ‘ಅನ್‌ನೀಲ್’ ಎಂದರು, ಪೋರ್ಚುಗೀಸರು ‘ಅನಿಲ್’ ಎಂದರು. ರಸಾಯನಶಾಸ್ತ್ರದ ‘ಅನಿಲೀನ್’ ಹುಟ್ಟಿದ್ದು ಅಲ್ಲಿಂದಲೇ.

ನೀಲ ಬೆಟ್ಟವೂ ಕನ್ನಡಕ್ಕೆ ಹೊಸದಲ್ಲ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ಆ ಬೆಟ್ಟದ ಬುಡಕಟ್ಟಿನವರಾದ ತೋದರನ್ನು ಬೆದರಿಸಿ, ನೀಲಾದ್ರಿಯನ್ನು ಹೊಕ್ಕು, ಅದರ ಶಿಖರವನ್ನು ಜಯಲಕ್ಷ್ಮಿಗೆ ಅರ್ಪಿಸಿದ ಸಂಗತಿ ಚಾಮರಾಜನಗರದ 1117ರ ಶಾಸನದಲ್ಲಿದೆ. ಅಂದರೆ ಒಂಬೈನೂರು ವರ್ಷಗಳ ಹಿಂದೆಯೇ ಆ ಬೆಟ್ಟ ನಮ್ಮ ಮಾತಿನಲ್ಲಿ ನೀಲಿಯಾಗಿತ್ತು. ಯಾಕೆ ನೀಲಿ? ದೂರದ ಬೆಟ್ಟಕ್ಕೆ ಕವಿಯುವ ಮಂಜಿನಿಂದ ಎನ್ನುವವರಿದ್ದಾರೆ. ಹನ್ನೆರಡು ವರ್ಷಕ್ಕೊಮ್ಮೆ ಇಳಿಜಾರನ್ನೆಲ್ಲ ಮುಚ್ಚಿ ಅರಳುವ ಕುರಿಂಜಿ ಹೂವಿನಿಂದ ಎನ್ನುವವರೂ ಇದ್ದಾರೆ. ಎರಡರಲ್ಲಿ ಯಾವುದೇ ಇರಲಿ, ಇಂದು ಆ ಹೆಸರು ಹೊತ್ತ ಮರ ಪುಣಿಸನ ಕಾಲದಲ್ಲಿ ಆ ಬೆಟ್ಟದ ಮೇಲೆ ಒಂದೂ ಇರಲಿಲ್ಲ. ಅದಿದ್ದದ್ದು ಸಮುದ್ರದಾಚೆ, ಆಸ್ಟ್ರೇಲಿಯಾದಲ್ಲಿ.

1777ರಲ್ಲಿ ಕ್ಯಾಪ್ಟನ್ ಕುಕ್‌ನ ಮೂರನೆಯ ಯಾನದ ತಂಡ ಟಾಸ್ಮೇನಿಯಾದ ಪಕ್ಕದ ಬ್ರೂನಿ ದ್ವೀಪದಲ್ಲಿ ಇಳಿದಾಗ ಒಂದು ಕೊಂಬೆಯನ್ನು ಮುರಿದು ಒಣಗಿಸಿ ಲಂಡನ್ನಿಗೆ ಒಯ್ದರು. ಅದನ್ನು ನೋಡಿ ಫ್ರೆಂಚ್ ಸಸ್ಯಶಾಸ್ತ್ರಜ್ಞ ಲೆರಿಟಿಯೆ 1788ರಲ್ಲಿ ‘ಯೂಕಲಿಪ್ಟಸ್’ ಎಂದು ಹೆಸರಿಟ್ಟ. ಗ್ರೀಕ್‌ನಲ್ಲಿ ‘ಚೆನ್ನಾಗಿ ಮುಚ್ಚಿದ್ದು’ ಎಂದರ್ಥ. ಮೊಗ್ಗಿನ ಮೇಲೊಂದು ಮುಚ್ಚಳವಿರುತ್ತದೆ. ಹೂ ಬಿಚ್ಚುವಾಗ ಅದು ಕಳಚಿ ಬೀಳುತ್ತದೆ. ಲೆರಿಟಿಯೆ ಕಂಡದ್ದು ಆ ಮುಚ್ಚಳವನ್ನು. ಅಲ್ಲಿ ನೆಲೆಸಿದ ಇಂಗ್ಲಿಷರು ಕಂಡದ್ದು ಕಾಂಡದಿಂದ ಒಸರುವ ಅಂಟನ್ನು. ಅವರು ‘ಗಮ್ ಟ್ರೀ’ ಎಂದರು. ಉತ್ತರ ಹಿಂದುಸ್ತಾನದವರು ಬಿಳುಪು ತೊಗಟೆ ನೋಡಿ ‘ಸಫೇದಾ’ ಎಂದರು. ಪ್ರತಿಯೊಬ್ಬರೂ ತಮ್ಮ ಕಣ್ಣಿಗೆ ಬಿದ್ದದ್ದನ್ನೇ ಹೆಸರು ಮಾಡಿದ್ದಾರೆ. ಕನ್ನಡ, ಮರಾಠಿ, ತೆಲುಗಿನವರು ಮಾತ್ರ ಮರವನ್ನು ನೋಡಿ ಹೆಸರಿಡಲಿಲ್ಲ, ಅದು ಬಂದ ದಿಕ್ಕನ್ನು ನೋಡಿ ಇಟ್ಟರು.

ಇನ್ನು ನೀಲಗಿರಿಯಲ್ಲೇ ಈ ಮರವನ್ನು ಏನೆನ್ನುತ್ತಾರೆ? ಅಲ್ಲಿನ ತಮಿಳಿನಲ್ಲಿ ಅದು ಕರ್ಪೂರ ಮರ. ಎಲೆ ಹಿಸುಕಿದರೆ ಬರುವ ವಾಸನೆಯ ಮೇಲೆ ಬಂದ ಹೆಸರು. ಬೆಟ್ಟದ ಮೇಲಿರುವವರು ತಮ್ಮ ಬೆಟ್ಟದ ಹೆಸರನ್ನು ತಮ್ಮ ಹಿತ್ತಲ ಮರಕ್ಕೆ ಯಾಕೆ ಇಟ್ಟುಕೊಂಡಾರು? ಬೆಳಗಾವಿಯ ಮಿಠಾಯಿ ಅಂಗಡಿಗೆ ಹೋಗಿ ನಾವು ‘ಕುಂದಾ ಕೊಡ್ರಿ’ ಎನ್ನುತ್ತೇವೆ. ಅದು ‘ಬೆಳಗಾವಿ ಕುಂದಾ’ ಆಗುವುದು ಬೆಂಗಳೂರಿನ ರೈಲು ಹತ್ತಿದ ಮೇಲೆ. ಊರಿನ ಹೆಸರು ಪದಾರ್ಥಕ್ಕೆ ಅಂಟುವುದು ಅದು ಊರು ಬಿಟ್ಟಾಗಲೇ. ಹಾಗಾಗಿ ನನ್ನ ಎಣಿಕೆ ಇಷ್ಟು: ಮೊದಲು ಶೀಷೆ ಬಂತು, ಅದರ ಎಣ್ಣೆ ನೀಲಗಿರಿಯಿಂದ ಬಂದದ್ದರಿಂದ ‘ನೀಲಗಿರಿ ಎಣ್ಣೆ’ ಆಯಿತು, ಆಮೇಲೆ ಆ ಎಣ್ಣೆ ಕೊಡುವ ಮರವೂ ಅದೇ ಹೆಸರನ್ನು ಹೊದ್ದುಕೊಂಡಿತು. ಆಯಿಯ ಮಾಡದಲ್ಲಿದ್ದ ಶೀಷೆಯೇ ಈ ಪದದ ಹಾದಿ.

ಕರ್ನಾಟಕದಲ್ಲಿ ಈ ಮರದ ಕಥೆ ನಂದಿಬೆಟ್ಟದಿಂದ ಶುರುವಾಗುತ್ತದೆ. 1790ರ ಸುಮಾರಿಗೆ ಟಿಪ್ಪು ಸುಲ್ತಾನನ ತೋಟಕ್ಕೆ ಅದು ಬಂತೆನ್ನುತ್ತಾರೆ. ನೀಲಗಿರಿಯಲ್ಲಿ ನೆಟ್ಟದ್ದು 1843ರಲ್ಲಿ, ಅಲ್ಲಿ ನೆಲೆಸಿದ ಇಂಗ್ಲಿಷರ ಚಳಿಗೆ ಸೌದೆ ಬೇಕಾಗಿತ್ತು. ಅಲ್ಲಿ ನೆಟ್ಟದ್ದು ಟಾಸ್ಮೇನಿಯಾದ ‘ಬ್ಲೂ ಗಮ್’, ಎಳೆಯ ಎಲೆಗೆ ನೀಲಿ ಬೂದಿ ಬಳಿದಂಥ ಜಾತಿ. ನೀಲಿ ಎಲೆಯ ಮರ ನೀಲಿ ಬೆಟ್ಟಕ್ಕೆ ಬಂದದ್ದು ಕಾಕತಾಳೀಯ. ಆದರೆ ಆ ಜಾತಿಗೆ ತಂಪು ಬೇಕು, ಬಯಲು ಒಗ್ಗುವುದಿಲ್ಲ. ನಮ್ಮ ಹೊಲದ ಬದುವಿನ ಮೇಲೆ, ಕೆರೆಯಂಗಳದಲ್ಲಿ ನಿಂತಿರುವುದು ಬೇರೆಯೇ ಜಾತಿ. ಅದನ್ನು ಅರಣ್ಯದವರು ‘ಮೈಸೂರು ಗಮ್’ ಎಂದು ಕರೆದರು. ಎಣ್ಣೆ ಕೊಡುವ ಮರದ ಹೆಸರನ್ನು ಹೀಗೆ ಮುಖ್ಯವಾಗಿ ಕಾಗದದ ತಿರುಳಿಗೆಂದು ಬೆಳೆಸಿದ ಅದರ ದಾಯಾದಿ ಹೊತ್ತು ನಿಂತಿದೆ. ಒಂದು ವೇಳೆ ನಂದಿಬೆಟ್ಟದ ಹೆಸರೇ ಅಂಟಿ ‘ನಂದಿಮರ’ ಆಗಿದ್ದರೆ ಗೊಂದಲವಾಗುತ್ತಿತ್ತು. ನಂದಿ ಎಂಬ ಹೆಸರಿನ ಮರ ನಮ್ಮಲ್ಲಿ ಮೊದಲೇ ಇದೆ. ಬೆಳಗಾವಿಯ ಪಕ್ಕದ ಖಾನಾಪುರದ ಕಾಡಿನಲ್ಲಿ ನಯವಾದ ಮಸುಕು ಕಾಂಡ ಹೊತ್ತು, ಹಾಳೆಹಾಳೆಯಾಗಿ ತೊಗಟೆ ಕಳಚುತ್ತ ನಿಲ್ಲುವ ಮರವದು. ಗೊತ್ತಿಲ್ಲದವರು ದೂರದಿಂದ ನೋಡಿ ಅದನ್ನೇ ನೀಲಗಿರಿ ಎನ್ನುವುದುಂಟು.

ಈ ತಪ್ಪು ಗುರುತೇ ನನ್ನನ್ನು ಈ ಪದದ ಬಗ್ಗೆ ಬರೆಯಲು ಹಚ್ಚಿದ್ದು. ತನ್ನ ತವರಾದ ಆಸ್ಟ್ರೇಲಿಯಾದಲ್ಲಿ ನೀಲಗಿರಿ ಮರ ಒಂಟಿಯಲ್ಲ. ಏಳುನೂರಕ್ಕೂ ಹೆಚ್ಚು ಜಾತಿಗಳಿವೆ. ಜರ್ರಾ, ಕರ್ರಿ, ಕೂಲಿಬಾ ಎಂದು ಅಲ್ಲಿನ ಮೂಲನಿವಾಸಿಗಳ ನುಡಿಯಿಂದ ಬಂದ ಹೆಸರುಗಳಿವೆ. ವಿಕ್ಟೋರಿಯಾ, ಟಾಸ್ಮೇನಿಯಾಗಳ ‘ಮೌಂಟನ್ ಆ್ಯಶ್’ ಎಂಬ ಜಾತಿ ಜಗತ್ತಿನ ಅತಿ ಎತ್ತರದ ಹೂಬಿಡುವ ಮರಗಳಲ್ಲೊಂದು. ಟಾಸ್ಮೇನಿಯಾದ ಒಂದು ಮರ ಸುಮಾರು 100 ಮೀಟರ್ ಮುಟ್ಟಿದೆ. ಆ ಮರಗಳ ಬುಡದಲ್ಲಿ ಕೊಡೆ ಬಿಚ್ಚಿದಂಥ ಮರಜರೀಗಿಡಗಳು, ಅವುಗಳ ನೆರಳಲ್ಲಿ ಕಾಡಿನ ಉಳಿದ ಹಕ್ಕಿಗಳ ದನಿಯನ್ನೆಲ್ಲ ಅನುಕರಿಸುವ ಲೈರ್ ಹಕ್ಕಿ. ಮೇಲೆ ಕತ್ತಲಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ತೇಲುವ ಗ್ರೇಟರ್ ಗ್ಲೈಡರ್ ಎಂಬ ಪ್ರಾಣಿ. ನೀಲಗಿರಿ ಎಲೆ ಬಿಟ್ಟರೆ ಬೇರೆ ಏನನ್ನೂ ಅದು ಹೆಚ್ಚುಕಡಿಮೆ ಮುಟ್ಟುವುದಿಲ್ಲ. ಅಳಿದೇ ಹೋಯಿತೆಂದುಕೊಂಡಿದ್ದ ಲೆಡ್‌ಬೀಟರ್ ಪಾಸಮ್ ಎಂಬ ಅಂಗೈಯಗಲದ ಪ್ರಾಣಿ 1961ರಲ್ಲಿ ಮತ್ತೆ ಕಾಣಿಸಿಕೊಂಡದ್ದೂ ಇಂಥ ಕಾಡಿನಲ್ಲೇ. ಗ್ಲೈಡರ್, ಪಾಸಮ್ ಎರಡೂ ಮಲಗುವುದು, ಮರಿಹಾಕುವುದು ಮುದಿಮರದ ಪೊಟರೆಯಲ್ಲಿ. ಅಂಥ ಪೊಟರೆ ಬೀಳಲು ಆ ಮರಕ್ಕೆ ನೂರಿಪ್ಪತ್ತು ವರ್ಷವಾದರೂ ಬೇಕು.

ಪೊಟರೆ ಎಂದಕೂಡಲೇ ನನಗೆ ನೆನಪಾಗುವುದು ಖಾನಾಪುರದ ಮಂಗಟ್ಟೆ ಹಕ್ಕಿ. ಹೆಣ್ಣು ಮರದ ಪೊಟರೆ ಹೊಕ್ಕು, ಬಾಯಿಗೆ ಮೆತ್ತಿ ಮುಚ್ಚಿಕೊಂಡು, ಒಂದು ಸೀಳು ಮಾತ್ರ ಉಳಿಸಿಕೊಳ್ಳುತ್ತದೆ. ಗಂಡು ಆ ಸೀಳಿನಿಂದಲೇ ತಿಂಗಳುಗಟ್ಟಲೆ ಹಣ್ಣು ಉಣಿಸುತ್ತದೆ. 2011ರಲ್ಲಿ ಅಭಯಾರಣ್ಯವೆಂದು ಘೋಷಣೆಯಾದ ಅಲ್ಲಿನ ಭೀಮಗಡದ ಸುಮಾರು 190 ಚದರ ಕಿಲೋಮೀಟರ್ ಕಾಡಿನಲ್ಲಿ ಇದಕ್ಕೆ ಬೇಕಾದ ಮುದಿಮರಗಳೂ ಇವೆ, ಅತ್ತಿ ಆಲಗಳ ಹಣ್ಣೂ ಇದೆ. ಕೊಂಬೆಯ ತುದಿಯಲ್ಲಿ ಎಲೆಗೂಡು ಕಟ್ಟುವ ಕೆಂದಳಿಲು ಇದೆ. ಆ ಕಡೆಯ ಮರಾಠಿ ಹಳ್ಳಿಗಳಲ್ಲಿ ಅದು ಶೇಕ್ರು. ರಾತ್ರಿ ತೇಲುವ ಹಾರುವ ಅಳಿಲಿದೆ. ಗ್ಲೈಡರಿಗೂ ಇದಕ್ಕೂ ರಕ್ತಸಂಬಂಧವಿಲ್ಲ, ಆದರೂ ಎತ್ತರದ ಮರಗಳು ಎರಡಕ್ಕೂ ಒಂದೇ ವಿದ್ಯೆ ಕಲಿಸಿವೆ. ತಳೆವಾಡಿಯ ಹತ್ತಿರದ ಬಾರಾಪೇಡೆ ಗುಹೆಯಲ್ಲಿರುವ ಬಾವಲಿಯನ್ನು 1913ರಲ್ಲಿ ಹೊಸ ಜಾತಿಯೆಂದು ಗುರುತಿಸಿ ರಾಟನ್ ಎಂಬ ಅರಣ್ಯಾಧಿಕಾರಿಯ ಹೆಸರಿಟ್ಟರು. ಇಪ್ಪತ್ತನೆಯ ಶತಮಾನ ಮುಗಿಯುವವರೆಗೂ ಜಗತ್ತಿನಲ್ಲಿ ಅದರ ನೆಲೆಯೆಂದು ತಿಳಿದಿದ್ದುದು ಆ ಒಂದೇ ಗುಹೆ.

ಬೆಳಗಾವಿಯಿಂದ ಖಾನಾಪುರದ ಕಡೆ ಹೊರಟರೆ ದಾರಿಯಲ್ಲಿ ಅಲ್ಲಲ್ಲಿ ನೀಲಗಿರಿ ತೋಪುಗಳು ಸಿಗುತ್ತವೆ. ಒಮ್ಮೆ ಇಳಿದು ಒಳಗೆ ನಡೆದು ನೋಡಿ. ಕಾಲಡಿಯಲ್ಲಿ ಒಣ ಎಲೆ ಚರಚರ ಎನ್ನುತ್ತದೆ. ಕೆಳಗೆ ಗಿಡಗಂಟಿ ವಿರಳ. ಹೂ ಬಿಟ್ಟಾಗ ಜೇನು ಬರುತ್ತದೆ, ಎತ್ತರದಲ್ಲಿ ಹದ್ದು ಗೂಡು ಕಟ್ಟುವುದೂ ಉಂಟು. ಅದನ್ನು ಅಲ್ಲಗಳೆಯುವುದು ಸರಿಯಲ್ಲ. ಆದರೆ ಅದರ ಎಲೆ ತಿಂದು ಬದುಕುವ ಪ್ರಾಣಿ ಈ ನೆಲದಲ್ಲಿಲ್ಲ. ಎಂಟು ಹತ್ತು ವರ್ಷಕ್ಕೆ ಕಡಿಯುವ ಮರದಲ್ಲಿ ಪೊಟರೆ ಬೀಳುವ ಮಾತೇ ಇಲ್ಲ. ಬೀಜ ಮಾತ್ರ ಹಡಗು ಹತ್ತಿ ಬಂತು, ಬಳಗವೆಲ್ಲ ಅಲ್ಲೇ ಉಳಿಯಿತು. ಅದು ಮರದ ತಪ್ಪಲ್ಲ.

ಈ ಸೀಮೆಯಲ್ಲಿ ಹೆಸರಿನ ವ್ಯವಹಾರ ಮೊದಲಿನಿಂದ ಬೇರೆ ಥರ ನಡೆದಿತ್ತು. ಇಲ್ಲಿ ಊರು ಗಿಡಕ್ಕೆ ಹೆಸರು ಕೊಡುತ್ತಿರಲಿಲ್ಲ, ಗಿಡವೇ ಊರಿಗೆ ಕೊಡುತ್ತಿತ್ತು. ಬೆಳಗಾವಿ ಕೋಟೆಯ 1204ರ ರಟ್ಟರ ಶಾಸನಗಳಲ್ಲಿ ನಮ್ಮೂರು ವೇಣುಗ್ರಾಮ, ಅಂದರೆ ಬಿದಿರಿನ ಊರು. ಖಾನಾಪುರ ತಾಲ್ಲೂಕಿನ ಹಲಸಿ ಕದಂಬರ ತಾಮ್ರಪಟಗಳಲ್ಲಿ ಪಲಾಶಿಕಾ. ಪಲಾಶವೆಂದರೆ ನಮ್ಮ ಮುತ್ತಲ, ಊಟದ ಪತ್ರಾವಳಿ ಹಚ್ಚುವ ಎಲೆಯ ಗಿಡ. ‘ಪಾಲು’ ‘ಹಾಲು’ ಆದ ಹಾಗೆ ‘ಪಲಾಶಿಕಾ’ ‘ಹಲಸಿ’ ಆಯಿತು. ಹೆಸರು ಕೇಳಿ ಹಲಸಿನ ಹಣ್ಣನ್ನು ನೆನೆಯುವವರು ಒಮ್ಮೆ ಬೇಸಗೆಗೆ ಮುಂಚೆ ಆ ದಾರಿ ಹಿಡಿದು ಮುತ್ತಲದ ಕೆಂಡದಂಥ ಹೂ ನೋಡಬೇಕು.

ಬಿದಿರಿನ ಊರಿನ ಸುತ್ತಲಿನ ಬಿದಿರು ಏನಾಯಿತು ಎಂಬುದು ಇದರದೇ ಮುಂದಿನ ಅಧ್ಯಾಯ. 1950ರ ದಶಕದಲ್ಲಿ ಇಲ್ಲಿಂದ ದೂರವಲ್ಲದ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಎದ್ದಿತು. ಸಹ್ಯಾದ್ರಿಯ ಬಿದಿರು ಬುಟ್ಟಿ ಹೆಣೆಯುವ ಮೇದಾರರ ಕೈ ತಪ್ಪಿ ತಿರುಳಿನ ಕಡಾಯಿಗೆ ಬಿತ್ತು. ಬಿದಿರು ಕಡಿಮೆಯಾದಂತೆ ತಿರುಳಿಗೆ ನೀಲಗಿರಿ ಬೇಕಾಯಿತು. ಎಂಬತ್ತರ ದಶಕದಲ್ಲಿ ‘ಸಾಮಾಜಿಕ ಅರಣ್ಯ’ ಎಂಬ ಹೊಸ ಪದಜೋಡಿಯ ಅಡಿಯಲ್ಲಿ ರಾಜ್ಯದ ತುಂಬ ಅದರ ಸಸಿ ಹಂಚಿದರು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಊರಿದರು. ಅಂತರ್ಜಲದ ಚಿಂತೆಯಿಂದ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿದ್ದು 2017ರಲ್ಲಿ. ನಡುವೆ ಮೂವತ್ತನಾಲ್ಕು ವರ್ಷ. ಮರದ ಹೆಸರು ಅಷ್ಟು ಆಪ್ತವಾಗಿರದೆ, ‘ವಿಲಾಯತಿ’ ಎಂಬ ಮಾತು ಅದಕ್ಕೆ ಅಂಟಿದ್ದರೆ ಇಷ್ಟು ತಡವಾಗುತ್ತಿತ್ತೇ ಎಂದು ನನಗೆ ಎಷ್ಟೋ ಸಲ ಅನಿಸಿದೆ. ನಮ್ಮದೇ ಬೆಟ್ಟದ, ನಮ್ಮದೇ ಶಾಸನದ ಹೆಸರು ಹೊತ್ತು ಬಂದದ್ದನ್ನು ನಾವು ಪರಕೀಯವೆಂದು ಎಣಿಸಲೇ ಇಲ್ಲ.

ಪದವನ್ನು ಹಿಂದಕ್ಕೆ ಪಡೆಯಲು ಆಗದು, ಬೇಕಾಗಿಯೂ ಇಲ್ಲ. ಶೀಷೆಯ ಮೇಲೆ ಅದು ಚೆನ್ನಾಗಿದೆ, ಮೂಗು ಕಟ್ಟಿದ ರಾತ್ರಿ ನನಗೂ ಅದೇ ಬೇಕು. ನನ್ನ ತಕರಾರು ಅದರ ಪಕ್ಕ ನಾವು ಜೋಡಿಸುವ ಇನ್ನೊಂದು ಪದದ ಬಗ್ಗೆ. ಪತ್ರಿಕೆಗಳಲ್ಲಿ, ಮಾತಿನಲ್ಲಿ ‘ನೀಲಗಿರಿ ಕಾಡು’ ಎನ್ನುತ್ತೇವೆ. ಟಾಸ್ಮೇನಿಯಾದಲ್ಲಿ ಆ ಮಾತು ನಿಜ, ಇಲ್ಲಿ ಅಲ್ಲ. ಇಲ್ಲಿರುವುದು ನೀಲಗಿರಿ ತೋಪು. ಸಾಲಾಗಿ ನೆಟ್ಟದ್ದಕ್ಕೆ, ಲೆಕ್ಕ ಹಾಕಿ ಕಡಿಯುವುದಕ್ಕೆ ‘ತೋಪು’ ಎಂಬ ಒಳ್ಳೆಯ ಪದ ನಮ್ಮಲ್ಲಿದೆ. ವರದಿ ಬರೆಯುವವರು, ಮಕ್ಕಳಿಗೆ ಪಾಠ ಹೇಳುವವರು ದಯವಿಟ್ಟು ಅದನ್ನೇ ಬಳಸಿ. ‘ಕಾಡು’ ಎಂಬುದನ್ನು ಮಹದಾಯಿ ಹುಟ್ಟುವ ಭೀಮಗಡಕ್ಕೆ, ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತಲಿನ ನಂದಿ, ಮತ್ತಿ, ನೇರಳೆಗಳಿಗೆ ಇಟ್ಟುಕೊಳ್ಳಿ.

ನೀಲಗಿರಿಗೆ ನೀಲಿ ಕೊಟ್ಟಿತೆನ್ನುವ ಕುರಿಂಜಿಯ ದಾಯಾದಿಯೊಂದು ನಮ್ಮ ಖಾನಾಪುರದ ಘಟ್ಟದಲ್ಲೂ ಇದೆ. ಕಾರ್ವಿ ಎನ್ನುತ್ತಾರೆ. ಅದರ ಕೋಲು ಹೆಣೆದು ಮಣ್ಣು ಮೆತ್ತಿ ಗುಡಿಸಲ ಗೋಡೆ ಕಟ್ಟುತ್ತಿದ್ದರು. ಏಳೆಂಟು ವರ್ಷಕ್ಕೊಮ್ಮೆ ಗುಡ್ಡಕ್ಕೆ ಗುಡ್ಡವೇ ನೀಲಿನೇರಳೆಯಾಗುವಂತೆ ಅರಳಿ, ಬೀಜ ಕಟ್ಟಿ, ಸಾಯುತ್ತದೆ. ಮುಂದಿನ ಸಲ ಅದು ಅರಳಿದ ವರ್ಷ, ಮಳೆ ಹಿಂದೆ ಸರಿಯುವ ಹೊತ್ತಿಗೆ ಮಕ್ಕಳನ್ನು ಕರೆದುಕೊಂಡು ಜಾಂಬೋಟಿಯ ದಾರಿ ಹಿಡಿಯಿರಿ. ನೀಲಗಿರಿ ಅಂದರೇನೆಂದು ಅಲ್ಲಿ ನಿಂತು ತೋರಿಸಿ.