ಸೋತವರು ಗೆದ್ದಿದ್ದರೆ: ಅಮೆರಿಕ ಚುನಾವಣೆಯ ಪರ್ಯಾಯ ಇತಿಹಾಸ

ನಡೆಯದ ಇತಿಹಾಸವನ್ನು ಬರೆಯುವ ಸಾಹಿತ್ಯ ಮೊದಲು ಹಿಡಿದದ್ದು ರಣರಂಗದ ದಾರಿ. 1931ರಲ್ಲಿ ಜೆ.ಸಿ. ಸ್ಕ್ವೈರ್ ಸಂಪಾದಿಸಿದ ಸಂಕಲನದಲ್ಲಿ ವಿನ್‌ಸ್ಟನ್ ಚರ್ಚಿಲ್, ಅಮೆರಿಕದ ಅಂತರ್ಯುದ್ಧದ ಗೆಟ್ಟಿಸ್‌ಬರ್ಗ್ ಕದನವನ್ನು ದಕ್ಷಿಣದ ಸೇನೆ ಗೆದ್ದ ಲೋಕವನ್ನು ಕಲ್ಪಿಸಿದರು. ಆಮೇಲೆ ಕೊಲೆಗಾರನ ಗುಂಡು ಕಥೆಗಳ ತಿರುವಾಯಿತು. 1933ರಲ್ಲಿ ಮಯಾಮಿಯಲ್ಲಿ ಜುಸೆಪ್ಪೆ ಜಂಗಾರ ಹಾರಿಸಿದ ಗುಂಡುಗಳಿಂದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಪಾರಾಗಿದ್ದರು. ಪಾರಾಗದಿದ್ದರೆ ಎಂಬ ಊಹೆಯ ಮೇಲೆ ಫಿಲಿಪ್ ಕೆ. ಡಿಕ್ 1962ರಲ್ಲಿ 'ದಿ ಮ್ಯಾನ್ ಇನ್ ದಿ ಹೈ ಕ್ಯಾಸಲ್' ಕಟ್ಟಿದರು. ಅಲ್ಲಿ ಎರಡನೇ ಮಹಾಯುದ್ಧ ಸೋತ ಅಮೆರಿಕವನ್ನು ಜರ್ಮನಿ, ಜಪಾನ್ ಆಕ್ರಮಿಸಿಕೊಂಡಿವೆ.

ಮತಪೆಟ್ಟಿಗೆಯನ್ನೇ ಕೇಂದ್ರಕ್ಕೆ ತಂದ ಕೃತಿಗಳಲ್ಲಿ ಮೈಕ್ ರೆಸ್ನಿಕ್ ಸಂಪಾದಿಸಿದ 'ಆಲ್ಟರ್ನೇಟ್ ಪ್ರೆಸಿಡೆಂಟ್ಸ್' (1992) ಮುಖ್ಯವಾದುದು. ಸೋತ ಅಭ್ಯರ್ಥಿಗಳೇ ಅದರ ಕಥೆಗಳಲ್ಲಿ ಗೆದ್ದು ಆಳುತ್ತಾರೆ.

ಈ ಪ್ರಕಾರಕ್ಕೆ ಮನೆಯೊಳಗಿನ ಆಳ ಕೊಟ್ಟವರು ಫಿಲಿಪ್ ರಾತ್. 2004ರ 'ದಿ ಪ್ಲಾಟ್ ಅಗೇನ್‌ಸ್ಟ್ ಅಮೆರಿಕ'ದಲ್ಲಿ 1940ರ ಚುನಾವಣೆಯನ್ನು ವಿಮಾನವೀರ ಚಾರ್ಲ್ಸ್ ಲಿಂಡ್‌ಬರ್ಗ್ ಗೆಲ್ಲುತ್ತಾನೆ. ಆ ಗೆಲುವಿನ ಬಿಸಿ ನಮಗೆ ತಟ್ಟುವುದು ನ್ಯೂಆರ್ಕ್‌ನ ಯಹೂದಿ ಬಾಲಕನೊಬ್ಬನ ಕನಸಿನಲ್ಲಿ: ಅವನು ಜೋಪಾನವಾಗಿ ಕೂಡಿಟ್ಟ ಅಂಚೆಚೀಟಿಗಳಲ್ಲಿ ವಾಷಿಂಗ್ಟನ್‌ನ ಮುಖವಿದ್ದಲ್ಲಿ ಹಿಟ್ಲರ್ ಇದ್ದಾನೆ, ರಾಷ್ಟ್ರೀಯ ಉದ್ಯಾನಗಳ ಚಿತ್ರದ ಮೇಲೆ ಸ್ವಸ್ತಿಕ ಮೂಡಿದೆ.

ಪತ್ರಕರ್ತ ಜೆಫ್ ಗ್ರೀನ್‌ಫೀಲ್ಡ್ ಕಲ್ಪನೆಯನ್ನು ದಾಖಲೆಗೆ ಬಿಗಿದರು. 1960ರ ಡಿಸೆಂಬರ್ 11ರಂದು ಪಾಮ್ ಬೀಚ್‌ನಲ್ಲಿ ರಿಚರ್ಡ್ ಪಾವ್ಲಿಕ್ ಕಾರಿನಲ್ಲಿ ಡೈನಮೈಟ್ ತುಂಬಿಕೊಂಡು, ಆಗಷ್ಟೇ ಅಧ್ಯಕ್ಷ ಚುನಾವಣೆ ಗೆದ್ದಿದ್ದ ಕೆನಡಿಗಾಗಿ ಕಾದಿದ್ದ. ಕೆನಡಿಯ ಜೊತೆಗೆ ಹೆಂಡತಿ, ಮಕ್ಕಳೂ ಕಂಡದ್ದರಿಂದ ಸುಮ್ಮನಾದ. ಇಷ್ಟು ನಿಜ. ಗ್ರೀನ್‌ಫೀಲ್ಡ್ ಅವರ 2011ರ ಪುಸ್ತಕದಲ್ಲಿ ಸ್ಫೋಟ ನಡೆದೇಬಿಡುತ್ತದೆ. ಅಧ್ಯಕ್ಷನನ್ನು ವಿಧಿವತ್ತಾಗಿ ಆರಿಸುವ ಎಲೆಕ್ಟರ್‌ಗಳು ಮತ ಹಾಕಲು ಇನ್ನೂ ಎಂಟು ದಿನ ಬಾಕಿ. ಗೆದ್ದವನೇ ಇಲ್ಲದಾಗ ಅವರು ಯಾರನ್ನು ಆರಿಸಬೇಕು? ಸಂವಿಧಾನದಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿಲ್ಲ. ಒಳ್ಳೆಯ ಪರ್ಯಾಯ ಇತಿಹಾಸ ವ್ಯವಸ್ಥೆಯ ಇಂಥ ಬಿರುಕಿನ ಮೇಲೆ ಬೆರಳಿಡುತ್ತದೆ. ಫ್ಲಾರಿಡಾದ 537 ಮತಗಳಲ್ಲಿ ತೀರ್ಮಾನವಾದ 2000ದ ಚುನಾವಣೆಯನ್ನೂ ಅವರು ಬಿಡಲಿಲ್ಲ. 2012ರ ಕೃತಿಯಲ್ಲಿ, ಅಂದು ಸೋತ ಅಲ್ ಗೋರ್ ಅಧ್ಯಕ್ಷ. 2020ರಲ್ಲಿ ಕರ್ಟಿಸ್ ಸಿಟನ್‌ಫೀಲ್ಡ್, ಬಿಲ್ ಕ್ಲಿಂಟನ್‌ರನ್ನು ಮದುವೆಯಾಗದ ಹಿಲರಿಯ ಕಥೆ ಬರೆದರು.

ಆದರೂ ಈ ಸಾಹಿತ್ಯದ ಕಣ್ಣು ಹೆಚ್ಚಾಗಿ ಗಾದಿಯ ಮೇಲೆ ಕೂತವರತ್ತಲೇ ಇದೆ. ನನ್ನ ಮಟ್ಟಿಗೆ ಇನ್ನೂ ಹೆಚ್ಚು ಬರವಣಿಗೆ ಬೇಡುವುದು 1876ರ ಚುನಾವಣೆ. ಜನರ ಮತದಲ್ಲಿ ಮುಂದಿದ್ದ ಸ್ಯಾಮ್ಯುಯಲ್ ಟಿಲ್ಡನ್ ಎಲೆಕ್ಟರ್ ಮತಗಳಲ್ಲಿ 184-185ರಿಂದ ರದರ್‌ಫರ್ಡ್ ಹೇಯ್ಸ್‌ಗೆ ಸೋತರು. ಫಲಿತಾಂಶದ ವಿವಾದ ಬಗೆಹರಿದ ಬೆನ್ನಲ್ಲೇ, 1877ರಲ್ಲಿ, ದಕ್ಷಿಣದಲ್ಲಿ ಉಳಿದಿದ್ದ ಫೆಡರಲ್ ಸೈನಿಕರ ಕಾವಲು ತೆಗೆಯಲಾಯಿತು. ಮುಂದೆ ಅಲ್ಲಿನ ಕಪ್ಪು ಜನರ ಮತದ ಹಕ್ಕು ಹಂತಹಂತವಾಗಿ ಕಸಿಯಲ್ಪಟ್ಟು, ಕಾನೂನಿನ ಗಟ್ಟಿ ರಕ್ಷಣೆ ಮತ್ತೆ ಸಿಕ್ಕಿದ್ದು 1965ರಲ್ಲಿ. ಟಿಲ್ಡನ್ ಗೆದ್ದಿದ್ದರೂ ಇದೇ ಆಗುತ್ತಿತ್ತೇನೋ. ಅವರ ಪಕ್ಷವೂ ಆ ಕಾವಲಿನ ವಿರುದ್ಧವೇ ಇತ್ತು. ಹಾಗಾಗಿ ಅಲ್ಲಿ ಬದಲಿಸಿ ನೋಡಬೇಕಾದ ಸಂಗತಿ ಅಧ್ಯಕ್ಷನ ಹೆಸರಲ್ಲ, ಮತಗಟ್ಟೆಯ ಬಾಗಿಲಲ್ಲಿ ತಡೆಯಲ್ಪಟ್ಟವರ ಪಾಡು.