ಸಿಪಾಯಿ ಪಗಾರಕ್ಕೆ ಅಡವಿಟ್ಟ ನಾಡು

ರಾಯಚೂರಿನಿಂದ ಹೊರಟರೆ ಕಲ್ಮಲದ ಹತ್ತಿರ ರಸ್ತೆ ಕವಲೊಡೆಯುತ್ತೆ. ಒಂದು ಮಾನ್ವಿ, ಸಿಂಧನೂರಿನ ಕಡೆಗೆ. ಇನ್ನೊಂದು ಲಿಂಗಸುಗೂರಿನ ಕಡೆಗೆ. ಒಮ್ಮೆ ಅಲ್ಲಿ ಚಹಾ ಕುಡಿಯುತ್ತಾ ನಿಂತಿದ್ದೆ. ಪಕ್ಕದಲ್ಲಿದ್ದ ಹಿರಿಯರನ್ನು, "ಯಾವ ಕಡೆ ಹೊಂಟೀರಿ ಯಜಮಾನ್ರೇ?" ಅಂದೆ. "ಛಾವಣಿಗೆ ಹೊಂಟೀನ್ರೀ" ಅಂದರು.

ಛಾವಣಿ ಅಂದರೆ ಲಿಂಗಸುಗೂರು. ಛಾವಣಿ ಅಂದರೆ ದಂಡು ಬೀಡುಬಿಟ್ಟ ಜಾಗ. ದಂಡು ಹೋಗಿ ನೂರು ವರ್ಷದ ಮೇಲಾಯ್ತು, ಹೆಸರು ಮಾತ್ರ ಜನರ ಬಾಯಲ್ಲಿ ಉಳಿದಿದೆ. ಅದು ಯಾರ ದಂಡು? ಅದಕ್ಕೆ ಪಗಾರ ಕೊಟ್ಟವರು ಯಾರು? ಇವತ್ತು ಆ ಲೆಕ್ಕವನ್ನೇ ನೋಡೋಣ.

ರಾಯಚೂರಿನ ಇತಿಹಾಸ ಅಂದ ತಕ್ಷಣ ನಮಗೆ 1294ರ ಕೋಟೆ ನೆನಪಾಗುತ್ತೆ. 1520ರ ಯುದ್ಧ ನೆನಪಾಗುತ್ತೆ. ಕೃಷ್ಣೆ, ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿಗಾಗಿ ಕೃಷ್ಣದೇವರಾಯ ಮತ್ತು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ ರಕ್ತ ಹರಿಸಿದರು. ಆದರೆ ಇದೇ ನಾಡು 1853ರಲ್ಲಿ ಒಂದು ಗುಂಡೂ ಹಾರದೆ, ಬರೀ ಒಂದು ಸಹಿಯಿಂದ ಕೈ ಬದಲಾಯಿಸಿತು. ಅದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಸ್ವಲ್ಪ ಹಿಂದಕ್ಕೆ ಹೋಗೋಣ. 1800ರಲ್ಲಿ ನಿಜಾಮರು ಕಂಪನಿ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡರು. ನಿಮ್ಮ ರಕ್ಷಣೆಗೆ ನಮ್ಮ ಸೈನ್ಯ ಇಡ್ತೀವಿ, ಖರ್ಚು ನಿಮ್ಮದು, ಅಂತ. ಆ ಖರ್ಚಿನ ಬಾಬ್ತಿಗೆ ಹೋಗಿದ್ದು ಬಳ್ಳಾರಿ, ಅನಂತಪುರ, ಕಡಪ ಸೀಮೆ. ತುಂಗಭದ್ರೆಯ ಆಚೆ ದಡದ ಬಳ್ಳಾರಿ ಮದ್ರಾಸಿನ ಪಾಲಾಯ್ತು, ಈಚೆ ದಡದ ರಾಯಚೂರು ಹೈದರಾಬಾದಿನಲ್ಲೇ ಉಳೀತು.

ಅಲ್ಲಿಗೆ ಮುಗೀತಾ? ಇಲ್ಲ. ಒಂದು ಸೈನ್ಯ ಸಾಲದು ಅಂತ ಹೈದರಾಬಾದಿನ ರೆಸಿಡೆಂಟ್ ಹೆನ್ರಿ ರಸೆಲ್ ಕಾಲದಲ್ಲಿ ಇನ್ನೊಂದು ಸೈನ್ಯ ಬೆಳೀತು. ಅದೇ ಮುಂದೆ ಹೈದರಾಬಾದ್ ಕಂಟಿಂಜೆಂಟ್ ಅನ್ನಿಸಿಕೊಂಡಿತು. ಹೆಸರು ನಿಜಾಮರದ್ದು, ಅಧಿಕಾರಿಗಳು ಬ್ರಿಟಿಷರು, ಹುಕುಂ ರೆಸಿಡೆಂಟರದ್ದು, ಪಗಾರ ಮಾತ್ರ ನಿಜಾಮರ ಖಜಾನೆಯಿಂದ! ಖಜಾನೆಯಲ್ಲಿ ದುಡ್ಡಿಲ್ಲದಾಗ ಪಾಮರ್ ಕಂಪನಿ ಅನ್ನೋ ಸಾಹುಕಾರಿ ಸಂಸ್ಥೆ ಸಾಲ ಕೊಡ್ತಿತ್ತು. ಬಡ್ಡಿ ವರ್ಷಕ್ಕೆ ನೂರಕ್ಕೆ 24ರ ಆಸುಪಾಸು. ಆಳೋ ಸರ್ಕಾರವೇ ಮೀಟರ್ ಬಡ್ಡಿಗೆ ಬಿದ್ದ ಹಾಗೆ. ಈ ಕಂಟಿಂಜೆಂಟಿನ ಒಂದು ಠಾಣೆಯೇ ನಮ್ಮ ಲಿಂಗಸುಗೂರಿನ ಛಾವಣಿ.

ಬಾಕಿ ಬೆಳೆದೂ ಬೆಳೆದೂ ಲಾರ್ಡ್ ಡಾಲ್‌ಹೌಸಿ ಕಾಲಕ್ಕೆ ಕುತ್ತಿಗೆಗೆ ಬಂತು. 1853ರ ಮೇ 21ರಂದು ನಿಜಾಮ ನಾಸಿರುದ್ದೌಲಾ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಂದ ಮಾಡಿಕೊಂಡರು. 5,000 ಕಾಲಾಳು, 2,000 ಕುದುರೆ ಸವಾರರು, ನಾಲ್ಕು ತೋಪಿನ ದಳಗಳಿಗಿಂತ ಕಡಿಮೆ ಇಲ್ಲದ ಸೈನ್ಯಕ್ಕೆ ಖರ್ಚು ಬೇಕಲ್ಲ? ಅದಕ್ಕಾಗಿ ಬೇರಾರ್, ಧಾರಾಶಿವ್ ಸೀಮೆಗಳ ಜೊತೆ ರಾಯಚೂರು ದೋಆಬ್ ಕೂಡ ಬ್ರಿಟಿಷರ ಆಡಳಿತಕ್ಕೆ ಹೋಯ್ತು. ವಿಚಿತ್ರ ನೋಡಿ. ಛಾವಣಿ ಇದ್ದದ್ದೂ ನಮ್ಮ ಮಣ್ಣಲ್ಲಿ, ಛಾವಣಿಯ ಪಗಾರಕ್ಕೆ ಅಡವು ಹೋಗಿದ್ದೂ ನಮ್ಮ ಮಣ್ಣೇ. ಮಾನ್ವಿಯ ರೈತ, ದೇವದುರ್ಗದ ರೈತ ಕಟ್ಟಿದ ಕಂದಾಯದಲ್ಲಿ ಆ ಸಿಪಾಯಿಯ ಬಂದೂಕಿನ ಖರ್ಚೂ ಇತ್ತು.

ಆ ಬಂದೂಕು ಯಾರ ಮೇಲೆ ತಿರುಗಿತು? 1858ರ ಫೆಬ್ರವರಿ. ಕೃಷ್ಣೆಯ ಆಚೆ ಸುರಪುರದಲ್ಲಿ ಯುವಕ ರಾಜಾ ವೆಂಕಟಪ್ಪ ನಾಯಕ ತಿರುಗಿಬೀಳ್ತಾರೆ ಅನ್ನೋ ಗುಮಾನಿ. ಲಿಂಗಸುಗೂರಿನಿಂದ ಕ್ಯಾಪ್ಟನ್ ವಿಂಡಮ್ ತುಕಡಿ ಹೊಳೆ ದಾಟಿ ಸುರಪುರಕ್ಕೆ ಬಂತು. ಫೆಬ್ರವರಿ 7ರ ರಾತ್ರಿ ರಾಜನ ಬೇಡ ಪಡೆ ಆ ಬಿಡಾರದ ಮೇಲೆ ಎರಗಿತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಆದರೆ ಬ್ರಿಟಿಷರ ಬಲ ಹೆಚ್ಚಾಯ್ತು, ರಾಜ ಹೈದರಾಬಾದಿಗೆ ಹೋದರು, ಅಲ್ಲಿ ಸೆರೆ ಸಿಕ್ಕರು. ಗಲ್ಲು ಶಿಕ್ಷೆ ಕಡಿಮೆಯಾಗುತ್ತಾ ಬಂದು ಕೊನೆಗೆ ನಾಲ್ಕು ವರ್ಷದ ಸೆರೆ ಅಂತ ಆಯ್ತು. ಸೆರೆಗೆ ಒಯ್ಯುವಾಗ ದಾರಿಯ ಬಿಡಾರದಲ್ಲೇ ಗುಂಡು ತಗುಲಿ ತೀರಿಕೊಂಡರು. ತಾವೇ ಹಾರಿಸಿಕೊಂಡರು ಅಂತ ಬ್ರಿಟಿಷರ ಹೇಳಿಕೆ. ಚಿಕ್ಕಂದಿನಿಂದ ಈ ರಾಜನನ್ನು ಬೆಳೆಸಿದ್ದ ಮೆಡೋಸ್ ಟೇಲರನನ್ನು ರಾಜ "ಅಪ್ಪಾ" ಅಂತಿದ್ದರಂತೆ. ಆ ಟೇಲರನೇ ಆಮೇಲೆ ಸುರಪುರದ ಆಡಳಿತಕ್ಕೆ ಬಂದ!

1860ರಲ್ಲಿ ಲೆಕ್ಕ ಚುಕ್ತಾ. ದಂಗೆಯ ಕಾಲದಲ್ಲಿ ಜೊತೆಗೆ ನಿಂತದ್ದಕ್ಕೆ ನಿಜಾಮರ ಸರ್ಕಾರದ 50 ಲಕ್ಷ ರೂಪಾಯಿ ಸಾಲ ಮನ್ನಾ ಆಯ್ತು. ರಾಯಚೂರು ದೋಆಬ್ ವಾಪಸ್ ಬಂತು, ಸುರಪುರ ಇನಾಮಾಗಿ ಸಿಕ್ಕಿತು. ಲಿಂಗಸುಗೂರು ನಿಜಾಮರ ಜಿಲ್ಲಾ ಕೇಂದ್ರವಾಗಿ, 1905ರಲ್ಲಿ ಆ ಪಟ್ಟವನ್ನೂ ಕಳ್ಕೊಳ್ತು. ಏಳು ವರ್ಷದಲ್ಲಿ ಎರಡು ಸಲ ಕೈ ಬದಲಾದ ಈ ನಾಡಿನ ಜನರನ್ನು ಯಾರಾದ್ರೂ ಒಂದು ಮಾತು ಕೇಳಿದ್ರಾ?

ಆ ಸಹಿಗಳ ಗೆರೆ ಅಷ್ಟು ಬೇಗ ಅಳಿಸಲಿಲ್ಲ ಸ್ವಾಮಿ. ಬಳ್ಳಾರಿ 1953ರಲ್ಲಿ ಮೈಸೂರಿಗೆ ಸೇರಿತು, ರಾಯಚೂರು 1956ರಲ್ಲಿ. ಒಂದೇ ಹೊಳೆಯ ಎರಡು ದಡ ಮತ್ತೆ ಒಂದೇ ರಾಜ್ಯಕ್ಕೆ ಬರೋಕೆ ನೂರೈವತ್ತು ವರ್ಷಕ್ಕೂ ಮೇಲೆ ಹಿಡೀತು. ಇವತ್ತು 371(ಜೆ) ಅಡಿಯಲ್ಲಿ ಈ ಎರಡೂ ಜಿಲ್ಲೆಗಳು ಹಿಂದುಳಿದ ಭಾಗ ಅಂತ ಒಟ್ಟಿಗೆ ನಿಂತಿವೆ. ಹಿಂದುಳಿದವು ಅಂತೀವಿ. ಹಿಂದುಳಿಸಿದ್ದರಲ್ಲಿ ಈ ಲೆಕ್ಕಪತ್ರದ ಪಾಲೂ ಇದೆ ಅನ್ನೋದನ್ನ ಮರೀತೀವಿ.

ಕೋಟೆ ನೋಡೋಕೆ ಮಕ್ಕಳನ್ನು ಕರ್ಕೊಂಡು ಹೋಗ್ತೀರಿ. ಹೋಗಿ, ಒಳ್ಳೇದು. ಆದರೆ ವಾಪಸ್ ಬರುವಾಗ ಕಲ್ಮಲದಲ್ಲಿ ಒಂದು ನಿಮಿಷ ಗಾಡಿ ನಿಲ್ಲಿಸಿ, ಛಾವಣಿಯ ದಾರಿ ತೋರಿಸಿ, ಈ ಕಥೆಯನ್ನೂ ಹೇಳಿ. ಕೋಟೆ ಕಟ್ಟಿದವರ ಹೆಸರು ಕಲ್ಲಿನ ಮೇಲಿದೆ. ಛಾವಣಿಗೆ ಪಗಾರ ಕೊಟ್ಟ ನಿಮ್ಮ ಮುತ್ತಜ್ಜನ ಹೆಸರು ಎಲ್ಲೂ ಇಲ್ಲ.