ವನ್ಯಪ್ರಾಣಿ ಚಿತ್ರಣ: ಕಲಬುರಗಿ ಸೀಮೆಯ ಪರಂಪರೆ

ಕಾಡುಪ್ರಾಣಿಗಳ ಮೈಕಟ್ಟು, ಬಣ್ಣ, ನಡೆ ಮತ್ತು ನೆಲೆಯನ್ನು ಕಂಡಂತೆ ಬರೆಯುವ ಚಿತ್ರಕಲೆಗೆ ವನ್ಯಪ್ರಾಣಿ ಚಿತ್ರಣ ಎನ್ನುತ್ತಾರೆ. ಕಲಬುರಗಿ ನಗರದಿಂದ ಕಮಲಾಪುರದ ಮೇಲೆ ಬಸವಕಲ್ಯಾಣದ ಕಡೆಗೆ ಸಾಗುವ ಸೀಮೆಯಲ್ಲಿಯೂ ಅದರ ಸುತ್ತಲಿನ ದಖನ್ನಿನಲ್ಲಿಯೂ ಈ ಕಲೆಗೆ ಬೇರೆಬೇರೆ ಕಾಲದ ಬೇರುಗಳಿವೆ. ಪ್ರಾಣಿಯನ್ನು ಹತ್ತಿರದಿಂದ ನೋಡಲು ಸಿಕ್ಕಾಗ ಚಿತ್ರ ನಿಜಕ್ಕೆ ಹತ್ತಿರವಾಯಿತು. ಸಿಗದಿದ್ದಾಗ ಆ ಜಾಗವನ್ನು ಸಂಪ್ರದಾಯ ತುಂಬಿತು.

ಪ್ರಾಚೀನ ಕಾಲ

ರಾಯಚೂರು ಸೀಮೆಯ ಪಿಕ್ಲಿಹಾಳ, ಬಳ್ಳಾರಿ ಬಳಿಯ ಸಂಗನಕಲ್ಲು–ಕುಪ್ಗಲ್ ಗುಡ್ಡಗಳ ಬಂಡೆಗಳ ಮೇಲೆ ಹೆಚ್ಚಾಗಿ ಕಾಣುವುದು ಡುಬ್ಬದ ಎತ್ತು. ಅದನ್ನು ಕೆತ್ತಿದವರು ನವಶಿಲಾಯುಗದ ದನಗಾಹಿಗಳು. ದಿನವೂ ಕಂಡ ಪ್ರಾಣಿಯಾದ್ದರಿಂದ ಕೊಂಬಿನ ಬಾಗು, ಡುಬ್ಬದ ಏರು ನಾಲ್ಕೇ ಗೆರೆಗಳಲ್ಲಿ ಸರಿಯಾಗಿ ಮೂಡಿವೆ. ಭೀಮಾ ದಂಡೆಯ ಸನ್ನತಿ–ಕನಗನಹಳ್ಳಿ ಸ್ತೂಪದ ಶಾತವಾಹನ ಕಾಲದ ಸುಣ್ಣಶಿಲೆಯ ಫಲಕಗಳಲ್ಲೂ ಪ್ರಾಣಿಗಳಿಗೆ ಎಡೆಯಿದೆ. ಆನೆ ಮತ್ತು ಸಿಂಹದ ಚಿತ್ರಣದ ಅಂತರ ನಾಡಿನ ಶಿಲ್ಪದಲ್ಲಿ ಉದ್ದಕ್ಕೂ ಕಾಣುತ್ತದೆ. ಹಳೇಬೀಡಿನ ಆನೆಸಾಲಿನಲ್ಲಿ ನಡಿಗೆಯ ತೂಕವಿದೆ, ಅಲ್ಲಿನ ಸಿಂಹ ಮಾತ್ರ ಸುರುಳಿ ಕೇಸರದ ಅಲಂಕಾರ. ಶಿಲ್ಪಿಯ ಸೀಮೆಯ ಕಾಡಿನಲ್ಲಿ ಸಿಂಹವಿರಲಿಲ್ಲ. ಯೂರೋಪಿನ ಚಿತ್ರಕಾರ ಡ್ಯೂರರ್ 1515ರಲ್ಲಿ ಘೇಂಡಾಮೃಗವನ್ನು ಕಾಣದೆಯೇ ಕೊರೆದು, ಅದಕ್ಕೆ ಕವಚ ತೊಡಿಸಿದಂತೆ ತೋರಿಸಿದ್ದೂ ಇದೇ ಕಾರಣಕ್ಕೆ.

ಮಾನಸೋಲ್ಲಾಸ

ಈ ಸೀಮೆ ಕಲೆಗೆ ಕೊಟ್ಟ ದೊಡ್ಡ ಕೊಡುಗೆ ಗ್ರಂಥರೂಪದ್ದು. ಕಲ್ಯಾಣದಿಂದ (ಇಂದಿನ ಬಸವಕಲ್ಯಾಣ) ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (ಆಳ್ವಿಕೆ 1126–1138) ಸಂಸ್ಕೃತ ಕೃತಿ ‘ಮಾನಸೋಲ್ಲಾಸ’ ಚಿತ್ರಗಳನ್ನು ವರ್ಗೀಕರಿಸುತ್ತದೆ. ಕನ್ನಡಿಯ ಪ್ರತಿಬಿಂಬದಷ್ಟು ಹೋಲಿಕೆಯುಳ್ಳದ್ದನ್ನು ಅದು ‘ವಿದ್ಧ’ ಎಂದು ಕರೆದರೆ, ಮನಸ್ಸಿಗೆ ತೋರಿದ್ದನ್ನು ಬರೆದದ್ದಕ್ಕೆ ‘ಅವಿದ್ಧ’ ಎನ್ನುತ್ತದೆ. ಕೋಣದ ಚರ್ಮ ಕುದಿಸಿ ಮಾಡುವ ವಜ್ರಲೇಪದ ಅಂಟು, ಕರುವಿನ ಕಿವಿಯ ಕೂದಲಿನ ಕುಂಚ ಮುಂತಾದ ಸಾಮಗ್ರಿಗಳ ವಿವರವೂ ಅಲ್ಲಿದೆ. ಅದೇ ಗ್ರಂಥ ಆನೆಗಳ ಲಕ್ಷಣ ಮತ್ತು ಬೇಟೆಯ ವಿಧಾನಗಳನ್ನು ಹೇಳುತ್ತದೆ. ಪಳಗಿಸಿದ ಸಿವಂಗಿಯನ್ನು (ಚೀತಾ) ಜಿಂಕೆಯ ಮೇಲೆ ಬಿಡುವ ಬೇಟೆಗೆ ಭಾರತದಲ್ಲಿ ಸಿಗುವ ಮೊದಲ ಲಿಖಿತ ಸಾಕ್ಷ್ಯಗಳಲ್ಲಿ ಇದೊಂದು. ಹೋಲಿಕೆಯ ಶಾಸ್ತ್ರವೂ ಪ್ರಾಣಿಯ ತಿಳಿವಳಿಕೆಯೂ ಇಲ್ಲಿ ಒಂದೇ ಕೃತಿಯೊಳಗೆ ಕೂಡಿವೆ.

ಸುಲ್ತಾನರು ಮತ್ತು ನಾಯಕರು

1347ರಲ್ಲಿ ಕಲಬುರಗಿ ಬಹಮನಿ ರಾಜಧಾನಿಯಾಯಿತು. ಮುಂದೆ ರಾಜಧಾನಿಯಾದ ಬೀದರಿನ ತಖ್ತ್ ಮಹಲಿನ ಕಮಾನಿನ ಮೇಲಿರುವುದು ಸೂರ್ಯನ ಜೊತೆಗಿನ ಸಿಂಹ. ಅದು ರಾಜಲಾಂಛನ, ಜೀವಂತ ಪ್ರಾಣಿಯ ಚಿತ್ರವಲ್ಲ. ವಿಜಯಪುರದ ಆಸ್ಥಾನದಲ್ಲಿ ಮಾತು ಬದಲಾಗುತ್ತದೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹ (ಆಳ್ವಿಕೆ 1580–1627) ತನ್ನ ಮೆಚ್ಚಿನ ಆನೆ ಆತಶ್ ಖಾನ್‌ನನ್ನು ಏರಿದ ಚಿತ್ರ ದಖನಿ ಕಲೆಯ ಹೆಸರಾಂತ ಕೃತಿ. ಗಜಶಾಲೆಯಲ್ಲಿ ನಿತ್ಯ ಕಂಡ ಆನೆ ಅಲ್ಲಿ ಒಂದು ವ್ಯಕ್ತಿಯಾಗಿ ನಿಂತಿದೆ. ಅದೇ ಹೊತ್ತಿಗೆ ಮೊಘಲ್ ಆಸ್ಥಾನದಲ್ಲಿ ಚಿತ್ರಕಾರ ಮನ್ಸೂರ್, ಜಹಾಂಗೀರನಿಗಾಗಿ ಹಕ್ಕಿ ಮತ್ತು ಮೃಗಗಳನ್ನು ಗರಿ ಗರಿಯಾಗಿ ದಾಖಲಿಸುತ್ತಿದ್ದ. ಮುಂದೆ ಸುರಪುರದ ನಾಯಕರ ಆಶ್ರಯದಲ್ಲಿ ಚಿನ್ನದ ರೇಖು ಬಳಸುವ ಕಿರುಚಿತ್ರ ಶೈಲಿ ಬೆಳೆಯಿತು. ಅದರ ಒಲವು ದೈವ ಮತ್ತು ವೈಭವದ ಕಡೆಗಿತ್ತು.

ಆಧುನಿಕ ಕಾಲ

19ನೆಯ ಶತಮಾನದಲ್ಲಿ ಪ್ರಾಣಿ ವೈಜ್ಞಾನಿಕ ದಾಖಲೆಯ ವಸ್ತುವಾಯಿತು. ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್ 1839ರಲ್ಲಿ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿ ಪ್ರಕಟಿಸಿದ. ಬ್ರಿಟಿಷ್ ಪಕ್ಷಿಶಾಸ್ತ್ರಜ್ಞ ಜೆರ್ಡನ್ನನ ಪಕ್ಷಿಗ್ರಂಥಕ್ಕೆ (1843–47) ಮದರಾಸಿನಲ್ಲಿ ಭಾರತೀಯ ಕಲಾವಿದರು ಚಿತ್ರ ಬರೆದರು. 20ನೆಯ ಶತಮಾನದಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ (1916–1993) ಅಂಗರಚನೆ, ಬೆಳಕು-ನೆರಳಿನ ಪಾಶ್ಚಾತ್ಯ ಶಿಸ್ತನ್ನು ಪುರಾಣವಸ್ತುವಿಗೆ ತಂದು ಕ್ಯಾಲೆಂಡರ್ ಹಾಗೂ ಸಿನಿಮಾ ಪೋಸ್ಟರುಗಳ ಮೂಲಕ ಮನೆಮನೆಗೆ ತಲುಪಿಸಿದರು. ಅವರ ವಸ್ತು ವನ್ಯಜೀವಿಯಾಗಿರಲಿಲ್ಲವಾದರೂ ವಾಸ್ತವವಾದಿ ಕೈಚಳಕಕ್ಕೆ ಊರಿನಲ್ಲಿ ಮಾನ್ಯತೆ ಬಂದದ್ದು ಅವರಿಂದ. ಭೂದೃಶ್ಯಗಳಿಗೆ ಹೆಸರಾದ ಜೆ.ಎಸ್. ಖಂಡೇರಾವ್, ಐಡಿಯಲ್ ಫೈನ್ ಆರ್ಟ್ ಸಂಸ್ಥೆ ಕಟ್ಟಿದ ವಿ.ಜಿ. ಅಂದಾನಿ ಹೊಸ ತಲೆಮಾರಿಗೆ ಕಲಿಸಿದರು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆಗೆ ಕಡಿವಾಣ ಬಿತ್ತು. ಕಲಾವಿದರ ಆಧಾರ ಸತ್ತ ಪ್ರಾಣಿಯಿಂದ ಛಾಯಾಚಿತ್ರಕ್ಕೆ ಸರಿಯಿತು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥ ಕನ್ನಡನಾಡಿನ ಛಾಯಾಗ್ರಾಹಕರು ಕಾಡಿನ ಸಹಜ ಭಂಗಿಗಳನ್ನು ಜನರ ಮುಂದಿಟ್ಟರು. ಅದೇ ಕಾಯಿದೆಯಡಿ ಮುಂಗುಸಿ ಕೂದಲಿನ ಕುಂಚವೂ ನಿಷಿದ್ಧ. ಈಗ ಅದರ ಬದಲು ಸಿಂಥೆಟಿಕ್ ಕುಂಚಗಳಿವೆ.

ವಿಧಾನ ಮತ್ತು ನಿಖರತೆ

ಮೊದಲು ಎಲುಬು-ಸ್ನಾಯುಗಳ ಅಳತೆ, ಆಮೇಲೆ ನಡುಬಣ್ಣದ ತಳ, ಕೊನೆಗೆ ಕೂದಲು ಬೆಳೆದ ದಿಕ್ಕಿನಲ್ಲೇ ಎಳೆಯುವ ಸಣ್ಣ ಗೆರೆಗಳು: ಇದು ರೂಢಿಯ ಕ್ರಮ. ಹುಲಿಯ ಪಾಪೆ ದುಂಡಗಿದ್ದರೆ ಜಿಂಕೆಯದು ಅಡ್ಡವಾಗಿರುತ್ತದೆ. ಪ್ರತಿ ಹುಲಿಯ ಪಟ್ಟೆಯೂ ಬೇರೆಯಾದ್ದರಿಂದ ಅಂದಾಜಿನ ಪಟ್ಟೆ ತಪ್ಪೇ. ಆಧಾರವನ್ನು ನೋಡುವಾಗಲೂ ಎಚ್ಚರ ಬೇಕು: ಬೋನಿನ ಪ್ರಾಣಿ ಕಾಡಿನದಕ್ಕಿಂತ ಕೊಬ್ಬಿರಬಹುದು. ಛಾಯಾಚಿತ್ರದಲ್ಲಿ ದೂರದ ಲೆನ್ಸ್ ಆಳವನ್ನು ಚಪ್ಪಟೆ ಮಾಡುತ್ತದೆ.

ಕಮಲಾಪುರಕ್ಕೆ ಹತ್ತಿರದ ಚಿಂಚೋಳಿ ವನ್ಯಜೀವಿಧಾಮ (2011) ಒಣನಾಡಿನ ಎಲೆಯುದುರುವ ಕಾಡುಗಳ ನೆಲೆ. ಚಿಗರಿ (ಕೃಷ್ಣಮೃಗ), ತೋಳ, ಕತ್ತೆಕಿರುಬಗಳು ಅಲ್ಲಿವೆ. ಬಲಿತ ಗಂಡು ಚಿಗರಿ ಕಪ್ಪು, ಹೆಣ್ಣು ಕಂದು. ಕತ್ತೆಕಿರುಬದ ಮುಂಗಾಲಿಗಿಂತ ಹಿಂಗಾಲು ಗಿಡ್ಡ. ದಖನ್ನಿನ ತೋಳ ಸಣಕಲು. ಬಯಲಿಗೆ ಒಗ್ಗಿದ ಇವನ್ನು ದಟ್ಟ ಹಸಿರು ಕಾಡಿನ ಹಿನ್ನೆಲೆಯಲ್ಲಿ ಇಟ್ಟರೆ ರೋಮ ರೋಮ ಸರಿಯಿದ್ದರೂ ಚಿತ್ರ ಸುಳ್ಳಾಗುತ್ತದೆ. ಹೀಗಾಗಿ ಪ್ರಾಣಿಯ ಜೊತೆಗೆ ಮಣ್ಣು, ಹುಲ್ಲು ಮತ್ತು ಋತುವಿನ ಅಧ್ಯಯನವೂ ಈ ಕಲೆಯ ಭಾಗವಾಗಿದೆ.